ಸ್ಲೋದಲ್ಲಿ ನಿಲ್ಲದ ಗಾಡಿ: ಕಾಫಿ ನಾಡಿನ ಒಂದು ಹಳೇ ತಕರಾರು

ಕಾಫಿ ತೋಟದ ದಾರಿಯಲ್ಲಿ ಬೈಕು ಓಡುವುದಕ್ಕಿಂತ ತೆವಳುವುದೇ ಹೆಚ್ಚು. ಮೂಡಿಗೆರೆಯಿಂದ ಕೊಟ್ಟಿಗೆಹಾರದವರೆಗೆ ಡಾಂಬರಿನ ಮೇಲೆ ಸರಾಗವಾಗಿ ಬಂದ ಗಾಡಿ, ಗೇಟು ದಾಟಿ ತೋಟದ ಏರಿಗೆ ತಿರುಗಿದರೆ ಸಾಕು, ಅದರ ಬಣ್ಣ ಬಯಲಾಗುತ್ತದೆ. ಮೊದಲ ಗೇರು, ಅರ್ಧ ಹಿಡಿದ ಕ್ಲಚ್ಚು, ಹಿಂದೆ ಗೊಬ್ಬರದ ಚೀಲ, ಕೆಳಗೆ ಜಾರುವ ಕೆಸರು. ಆಕ್ಸಿಲರೇಟರ್ ಸ್ವಲ್ಪ ಹೆಚ್ಚು ತಿರುಗಿಸಿದರೆ ಹಿಂದಿನ ಚಕ್ರ ನಿಂತಲ್ಲೇ ಸುತ್ತುತ್ತದೆ, ಬಿಟ್ಟರೆ ಇಂಜಿನ್ ಕುಕ್ಕಿ ಕುಕ್ಕಿ ಆಫ್ ಆಗುತ್ತದೆ. "ಸ್ಪೀಡಲ್ಲಿ ಚೆನ್ನಾಗೇ ಹೋಗ್ತದೆ ಮಾರಾಯ್ರೆ, ಸ್ಲೋದಲ್ಲಿ ಮಾತ್ರ ನಿಲ್ಲಲ್ಲ" ಎಂಬ ದೂರು ಈ ಕಡೆಯ ಮೆಕ್ಯಾನಿಕ್ ಅಂಗಡಿಗಳಿಗೆ ಬರುವುದು ಹೀಗೆ.

ಈ ಒಂದೇ ದೂರಿಗೆ ಒಬ್ಬ ಮೇಸ್ತ್ರಿ ಕಾರ್ಬೊರೇಟರ್ ಇಳಿಸುತ್ತಾನೆ, ಇನ್ನೊಬ್ಬ ಪ್ಲಗ್ ಬಿಚ್ಚುತ್ತಾನೆ, ಮತ್ತೊಬ್ಬ ಟ್ಯಾಪೆಟ್ ಮುಚ್ಚಳಕ್ಕೆ ಸ್ಪ್ಯಾನರ್ ಹಾಕುತ್ತಾನೆ. ಶೋರೂಮಿನಲ್ಲಾದರೆ ಸ್ಕ್ಯಾನರ್ ಸಿಕ್ಕಿಸುತ್ತಾರೆ. ಇವರಲ್ಲಿ ಯಾರಿಗೂ ಕೆಲಸ ಗೊತ್ತಿಲ್ಲವೆಂದಲ್ಲ. ಒಬ್ಬೊಬ್ಬರದೂ ಒಂದೊಂದು ಪಂಥ, ಮತ್ತು ಒಂದೊಂದು ಪಂಥವೂ ವರ್ಷದ ಕೆಲವು ತಿಂಗಳು ಗೆಲ್ಲುತ್ತದೆ. ಈ ಗುಡ್ಡಗಳ ಎತ್ತರ, ಮಳೆ, ಕೊಯ್ಲು ಮೂರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಈ ಜಗಳ ಅರ್ಥವಾಗುವುದಿಲ್ಲ ಎಂಬುದು ನನ್ನ ವಾದ.

ಸ್ಲೋದಲ್ಲೇ ಏಕೆ?

ಥ್ರಾಟಲ್ ಹೆಚ್ಚುಕಮ್ಮಿ ಮುಚ್ಚಿರುವಾಗ ಸಿಲಿಂಡರಿಗೆ ಹೊಸ ಗಾಳಿ ಹೋಗುವುದು ಸ್ವಲ್ಪವೇ. ಹಿಂದಿನ ಸುತ್ತಿನ ಸುಟ್ಟ ಹೊಗೆ ಪೂರ್ತಿ ಹೊರಬೀಳದೆ ಒಳಗೇ ಉಳಿದು ಅದರ ಜೊತೆ ಬೆರೆಯುತ್ತದೆ. ಇಂಥ ಮಿಶ್ರಣಕ್ಕೆ ಬೆಂಕಿ ಹತ್ತುವುದು ಕಷ್ಟ, ಹತ್ತಿದರೂ ಉರಿಯುವುದು ನಿಧಾನ. ಮೇಲಾಗಿ ಫ್ಲೈವೀಲಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ: ಸುತ್ತು ಅರ್ಧಕ್ಕೆ ಇಳಿದರೆ ಶಕ್ತಿ ಕಾಲು ಭಾಗಕ್ಕೆ ಬೀಳುತ್ತದೆ. ನಾಲ್ಕು ಸಾವಿರ ಸುತ್ತಿನಲ್ಲಿ ಒಂದು ಪೆಟ್ಟು ತಪ್ಪಿದರೆ ಸವಾರನಿಗೆ ಗೊತ್ತೇ ಆಗುವುದಿಲ್ಲ. ಸಾವಿರ ಸುತ್ತಿನಲ್ಲಿ ತಪ್ಪಿದರೆ ಗಾಡಿ ನಿಲ್ಲುತ್ತದೆ. ಹಳೇ ಬುಲೆಟ್‌ನ ಭಾರವಾದ ಫ್ಲೈವೀಲು ಬೀಸುಕಲ್ಲಿನಂತೆ ತನ್ನ ತೂಕದಿಂದಲೇ ಮುಂದಿನ ಪೆಟ್ಟಿನವರೆಗೆ ತಿರುಗಿಕೊಂಡಿರುತ್ತಿತ್ತು. ನೂರು ಸಿಸಿ ಗಾಡಿಗೆ ಆ ಅನುಕೂಲವಿಲ್ಲ.

ಹೀಗಾಗಿ ಮೇಲಿನ ವೇಗದಲ್ಲಿ ತಲೆ ಎತ್ತದ ನಾಲ್ಕಾರು ಸಣ್ಣ ದೋಷಗಳು ಇಲ್ಲಿ ಸಮಸಮವಾಗಿ ತೋರುತ್ತವೆ. ಜಗಳದ ಬೇರು ಇಲ್ಲಿದೆ.

ಮೈಸೂರಿನ ಜಾವಾದಿಂದ ಇಂಜೆಕ್ಷನ್‌ವರೆಗೆ

ಮೆಕ್ಯಾನಿಕ್‌ಗಳ ನಂಬಿಕೆ ಅವರು ಕೈ ಪಳಗಿಸಿದ ಗಾಡಿಯಿಂದ ಬರುತ್ತದೆ. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್, 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಶುರುವಾದ ಮೇಲೆ ಮಲೆನಾಡಿನ ತೋಟಗಳಿಗೆ ಬುಲೆಟ್ಟೂ ಜಾವಾವೂ ಬಂದವು. ಮುಂದೆ ಜಾವಾ ಯೆಜ್ಡಿಯಾಯಿತು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಎರಡಕ್ಕೂ ಇದ್ದದ್ದು ಕಾಂಟ್ಯಾಕ್ಟ್ ಪಾಯಿಂಟು, ಕಂಡೆನ್ಸರ್, ಕಾಯಿಲ್. ಪಾಯಿಂಟ್ ಸುಟ್ಟರೂ ಸವೆದರೂ ಮೊದಲು ಕೆಡುವುದು ಸ್ಲೋ. ಆ ಕಾಲದಲ್ಲಿ ಕಲಿತವರು ಇಂದಿಗೂ ಮೊದಲು ಕರೆಂಟು ನೋಡುತ್ತಾರೆ.

ಎರಡು ಸ್ಟ್ರೋಕಿನ ಗಾಡಿಗೆ ಇನ್ನೊಂದು ಸ್ವಭಾವವಿತ್ತು. ಥ್ರಾಟಲ್ ಮುಚ್ಚಿದಾಗ ಹೊಸ ಮಿಶ್ರಣ ಹಳೇ ಹೊಗೆಯನ್ನು ತಳ್ಳುವಷ್ಟು ಬರುವುದಿಲ್ಲ, ಆದ್ದರಿಂದ ಅದು ಒಂದೆರಡು ಸುತ್ತು ಬಿಟ್ಟು ಉರಿಯುತ್ತದೆ. ಯೆಜ್ಡಿ, ಆರ್‌ಎಕ್ಸ್ 100 ಸ್ಲೋದಲ್ಲಿ ಲಯ ತಪ್ಪಿ ಬಡಿಯುವುದು ರೋಗವೇನಲ್ಲ. ಅದನ್ನು ಸರಿಮಾಡಲು ಹೊರಟು ಒಳ್ಳೆಯ ಕಾರ್ಬೊರೇಟರ್ ಹಾಳು ಮಾಡಿದವರು ಬಹಳ ಜನ.

1985ರಲ್ಲಿ ಹೀರೊ ಹೋಂಡಾ ಸಿಡಿ 100, 1994ರಲ್ಲಿ ಸ್ಪ್ಲೆಂಡರ್ ಬಂದವು. ಪಾಯಿಂಟಿನ ಜಾಗಕ್ಕೆ ಸಿಡಿಐ ಬಂತು, ಸ್ಲೋ ಎಂದರೆ ಸುಮಾರು 1,400 ಸುತ್ತು ಎಂದು ಕೈಪಿಡಿಯೇ ಹೇಳಿತು. ಕರೆಂಟಿನ ಗೋಳು ಕಡಿಮೆಯಾದದ್ದರಿಂದ ಈ ತಲೆಮಾರಿನ ಮೆಕ್ಯಾನಿಕ್‌ನ ಕೈ ಸೀದಾ ಕಾರ್ಬೊರೇಟರಿಗೆ ಹೋಗುತ್ತದೆ. 2020ರ ಏಪ್ರಿಲಿನಿಂದ ಬಿಎಸ್-6 ಹೊಗೆ ನಿಯಮ ಜಾರಿಯಾಗಿ, ಕಾರ್ಬೊರೇಟರಿನ ಬದಲು ಪೆಟ್ರೋಲ್ ಇಂಜೆಕ್ಷನ್ ಎಲ್ಲೆಡೆ ಹರಡಿತು. ಸ್ಕ್ರೂಡ್ರೈವರಿನಿಂದ ಸ್ಲೋ ಹೊಂದಿಸುವ ಕಾಲ ಹೊಸ ಗಾಡಿಗಳ ಮಟ್ಟಿಗೆ ಅಲ್ಲಿಗೆ ಮುಗಿಯಿತು. ತೋಟದೊಳಗೆ ಮಾತ್ರ ನಾಲ್ಕೂ ಕಾಲದ ಗಾಡಿಗಳು ಒಂದೇ ಶೆಡ್ಡಿನಲ್ಲಿ ನಿಂತಿರುತ್ತವೆ.

ಕಾರ್ಬೊರೇಟರಿನವರು

ಇವರ ವಾದ ಸರಳ. ಥ್ರಾಟಲ್ ಮುಚ್ಚಿದಾಗ ಮೇನ್ ಜೆಟ್‌ಗೂ ನೀಡಲ್‌ಗೂ ಕೆಲಸವಿಲ್ಲ, ಪೆಟ್ರೋಲ್ ಬರುವುದು ಸ್ಲೋ ಜೆಟ್ ಒಂದರಿಂದಲೇ. ಅದರ ತೂತು ಅರ್ಧ ಮಿಲಿಮೀಟರಿಗಿಂತಲೂ ಸಣ್ಣದು. ಮಳೆಗಾಲದಲ್ಲಿ ಹದಿನೈದು ದಿನ ಶೆಡ್ಡಿನಲ್ಲಿ ನಿಂತ ಗಾಡಿಯ ಕಾರ್ಬೊರೇಟರ್ ಬೌಲಿನಲ್ಲಿ ಪೆಟ್ರೋಲ್ ಆವಿಯಾಗಿ ಅಂಟು ಉಳಿದರೆ ಮೊದಲು ಕಟ್ಟಿಕೊಳ್ಳುವುದು ಆ ತೂತೇ. ಸ್ಪೀಡಿನಲ್ಲಿ ಸರಿ, ಸ್ಲೋದಲ್ಲಿ ಕೆಟ್ಟಿತು ಎಂಬ ದೂರಿಗೆ ಇದಕ್ಕಿಂತ ಚೆನ್ನಾಗಿ ಹೊಂದುವ ವಿವರಣೆ ಇನ್ನೊಂದಿಲ್ಲ. ಪರೀಕ್ಷೆಯೂ ಖರ್ಚಿಲ್ಲದ್ದು: ಇಂಜಿನ್ ಬಿಸಿಯಾದ ಮೇಲೆ ಚೋಕ್ ಸ್ವಲ್ಪ ಎಳೆದು ನೋಡಬೇಕು. ಓಟ ಸುಧಾರಿಸಿದರೆ ಪೆಟ್ರೋಲ್ ಸಾಲುತ್ತಿಲ್ಲ, ಇನ್ನೂ ಕೆಟ್ಟರೆ ಈಗಾಗಲೇ ಹೆಚ್ಚಾಗಿದೆ.

ಒಳಜಗಳಗಳೂ ಉಂಟು. ಜೆಟ್ಟಿನ ತೂತಿಗೆ ಕ್ಲಚ್ ಕೇಬಲಿನ ಎಳೆ ತೂರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಉಕ್ಕಿನ ಎಳೆ ಹಿತ್ತಾಳೆಯನ್ನು ಗೀರಿ ತೂತನ್ನು ದೊಡ್ಡದು ಮಾಡುತ್ತದೆ, ಆಮೇಲೆ ಆ ಗಾಡಿ ಎಂದೂ ಹದಕ್ಕೆ ಬರುವುದಿಲ್ಲ. ವೈರಿನ ತಾಮ್ರದ ಎಳೆ ಸಾಕು, ಕಾರ್ಬ್ ಕ್ಲೀನರೂ ಕಂಪ್ರೆಸರಿನ ಗಾಳಿಯೂ ಇದ್ದರೆ ಅದೂ ಬೇಡ. ಇನ್ನೊಂದು ಗೊಂದಲ ಸ್ಕ್ರೂವಿನದು. ಏರ್ ಫಿಲ್ಟರ್ ಕಡೆಗಿರುವ ಸ್ಕ್ರೂ ಗಾಳಿಯನ್ನು ಹಿಡಿಯುತ್ತದೆ, ಒಳಗೆ ತಿರುಗಿಸಿದರೆ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಇಂಜಿನ್ ಕಡೆಗಿರುವುದು ಸಾಮಾನ್ಯವಾಗಿ ಮಿಶ್ರಣವನ್ನೇ ಹಿಡಿಯುತ್ತದೆ, ಅದನ್ನು ಒಳಗೆ ತಿರುಗಿಸಿದರೆ ಪೆಟ್ರೋಲ್ ಕಡಿಮೆಯಾಗುತ್ತದೆ. ಗಾಳಿ ಹಿಡಿಯುವ ಸ್ಕ್ರೂವಿನ ಹಳೇ ಮಿಕ್‌ಕಾರ್ಬ್‌ನಲ್ಲಿ ಪಳಗಿದ ಕೈ ಹೊಸ ಕಾರ್ಬೊರೇಟರಿನಲ್ಲಿ ಅದೇ ದಿಕ್ಕಿಗೆ ತಿರುಗಿಸಿ, "ಎಷ್ಟು ಸೆಟ್ ಮಾಡಿದ್ರೂ ಕೂರ್ತಾ ಇಲ್ಲ" ಎನ್ನುತ್ತದೆ.

ಈ ಪಂಥ ಇನ್ನೂ ಸರಿಯಾಗಿ ಎದುರಿಸದ ಪ್ರಶ್ನೆ ಎತ್ತರದ್ದು. ಚಿಕ್ಕಮಗಳೂರು ಪಟ್ಟಣ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಮೇಲಿದೆ. ಕಳಸ ಸುಮಾರು 800 ಮೀಟರ್, ಮುಳ್ಳಯ್ಯನಗಿರಿಯ ತುದಿ 1,900 ದಾಟುತ್ತದೆ. ಚಿಕ್ಕಮಗಳೂರಿನ ಎತ್ತರದಲ್ಲಿ ಗಾಳಿ ಮಂಗಳೂರಿನದಕ್ಕಿಂತ ಹತ್ತಿರ ಹತ್ತಿರ ಶೇಕಡಾ 10ರಷ್ಟು ತೆಳು. ಕಾರ್ಬೊರೇಟರ್ ಗಾಳಿಯನ್ನು ಗಾತ್ರದ ಲೆಕ್ಕದಲ್ಲಿ ಎಳೆಯುತ್ತದೆ, ಪೆಟ್ರೋಲ್ ಮಾತ್ರ ಅಷ್ಟೇ ಪ್ರಮಾಣದಲ್ಲಿ ಇಳಿಯದೆ ಸಾಂದ್ರತೆಯ ವರ್ಗಮೂಲಕ್ಕೆ ತಕ್ಕಂತೆ ಇಳಿಯುತ್ತದೆ. ಫಲವಾಗಿ ಮಿಶ್ರಣ ಸುಮಾರು ಶೇಕಡಾ 5ರಷ್ಟು ದಪ್ಪವಾಗುತ್ತದೆ, ಮುಳ್ಳಯ್ಯನಗಿರಿಯ ಮೇಲೆ 9ರ ಹತ್ತಿರ. ಸ್ಲೋದಲ್ಲಿ ಹೊಗೆ ವಾಸನೆ, ಕಪ್ಪು ಪ್ಲಗ್, ಕುಕ್ಕುವ ಓಟ: ಘಟ್ಟದ ಕೆಳಗೆ ಸೆಟ್ ಮಾಡಿಸಿದ ಗಾಡಿಯ ಲಕ್ಷಣಗಳು ಇವು.

ಇದರ ಮೇಲೆ ಎಥನಾಲ್ ಬಂತು. ದೇಶದಲ್ಲಿ ಶೇಕಡಾ 10ರ ಬೆರಕೆ 2022ರಲ್ಲಿ ಪೂರ್ತಿಯಾಯಿತು, 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಒಂದು ಸಮಾವೇಶದಲ್ಲಿ ಶೇಕಡಾ 20ರ ಬೆರಕೆಗೆ, ಎಂದರೆ ಇ-20ಕ್ಕೆ, ಚಾಲನೆ ಸಿಕ್ಕಿತು. ಬರೀ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು. ಇ-20ಕ್ಕೆ ಸುಮಾರು 13.5 ಸಾಕು. ಎಂದರೆ ಅದೇ ಜೆಟ್ಟಿನಲ್ಲಿ ಇ-20 ಹರಿದರೆ ಮಿಶ್ರಣ ಏಳೆಂಟು ಶೇಕಡಾ ತೆಳುವಾಗುತ್ತದೆ. ಎತ್ತರ ದಪ್ಪ ಮಾಡಿತು, ಎಥನಾಲ್ ತೆಳು ಮಾಡಿತು. ಕಾಗದದ ಲೆಕ್ಕದಲ್ಲಿ ಚಿಕ್ಕಮಗಳೂರಿನ ಎತ್ತರಕ್ಕೆ ಎರಡೂ ಬಹುಮಟ್ಟಿಗೆ ಒಂದನ್ನೊಂದು ಹೊಡೆದುಹಾಕುತ್ತವೆ! ಬರೀ ಪೆಟ್ರೋಲಿಗೆ ಜೆಟ್ ಮಾಡಿದ ಹಳೇ ಗಾಡಿ ಮಂಗಳೂರಿನಲ್ಲಿ ಇ-20 ಹಾಕಿಸಿಕೊಂಡು ಒದ್ದಾಡಿ, ಚಾರ್ಮಾಡಿ ಘಾಟಿ ಹತ್ತಿ ಮೇಲೆ ಬಂದಾಗ ತಾನಾಗಿಯೇ ಸರಿಹೋದರೆ ಆಶ್ಚರ್ಯಪಡಬೇಕಿಲ್ಲ. ಎಥನಾಲಿಗೆ ನೀರಿನ ಮೇಲೆ ಆಸೆ ಎಂಬುದು ಬೇರೆ ಮಾತು. ಟ್ಯಾಂಕಿನ ಮುಚ್ಚಳದಿಂದ ಮಳೆನೀರು ಇಳಿದರೆ ಒಂದು ಮಿತಿಯವರೆಗೆ ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಿತಿ ಮೀರಿದರೆ ನೀರು ಎಥನಾಲನ್ನೂ ಎಳೆದುಕೊಂಡು ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ. ಬೌಲಿಗೆ ಮೊದಲು ಇಳಿಯುವುದು ಆ ಪದರ.

ಕರೆಂಟಿನವರು

ಇವರ ವಿರುದ್ಧದ ದೊಡ್ಡ ಆಕ್ಷೇಪವನ್ನು ಮೊದಲೇ ಹೇಳಿಬಿಡುತ್ತೇನೆ. ಸಿಲಿಂಡರಿನೊಳಗೆ ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರುವುದು ಕಷ್ಟ. ಆದ್ದರಿಂದ ದುರ್ಬಲ ಕಿಡಿ ಕೈಕೊಡಬೇಕಾದದ್ದು ಪೂರ್ತಿ ಥ್ರಾಟಲಿನಲ್ಲಿ ಏರು ಹತ್ತುವಾಗ, ಸ್ಲೋದಲ್ಲಲ್ಲ. ಸ್ಲೋದಲ್ಲಿ ಮಾತ್ರ ಕೆಟ್ಟರೆ ಕರೆಂಟನ್ನು ದೂರುವುದು ತಪ್ಪು ಎಂದು ಕಾರ್ಬೊರೇಟರಿನವರು ಹೇಳುತ್ತಾರೆ. ತರ್ಕ ಗಟ್ಟಿಯಾಗಿದೆ.

ಕರೆಂಟಿನವರ ಉತ್ತರ ಪ್ಲಗ್ಗಿನ ಬಿಸಿಯಲ್ಲಿದೆ. ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೇಲೆ ಕೂತ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಅದಕ್ಕಿಂತ ತಣ್ಣಗಿದ್ದರೆ ಮಸಿ ಕಟ್ಟುತ್ತದೆ, ಮಸಿಯ ಮೂಲಕ ಕರೆಂಟು ಬಾಡಿಗೆ ಸೋರುತ್ತದೆ. ದಿನವಿಡೀ ಮೊದಲ ಗೇರಿನಲ್ಲಿ ಒಂದು ಪಟ್ಟೆಯಿಂದ ಇನ್ನೊಂದಕ್ಕೆ, ಕೆಲಸದವರ ಸಾಲಿನಿಂದ ಕಣಕ್ಕೆ ತಿರುಗುವ ತೋಟದ ಗಾಡಿಯ ಪ್ಲಗ್ ಆ ಬಿಸಿ ಕಾಣುವುದೇ ಅಪರೂಪ. ಇಲ್ಲಿ ಸ್ಲೋ ಓಟವೇ ಸ್ಲೋ ಓಟವನ್ನು ಕೆಡಿಸುತ್ತಿದೆ. ತಿಂಗಳಿಗೊಮ್ಮೆ ಬೇಲೂರಿಗೋ ಹಾಸನಕ್ಕೋ ಹೋಗಿಬಂದ ಗಾಡಿ ಒಂದಷ್ಟು ದಿನ ಚೆನ್ನಾಗಿರುವುದಕ್ಕೆ ಕಾರಣ ಇದೇ ಇರಬಹುದು. ಮಸಿ ಪ್ಲಗ್ಗಿನ ಈ ಸುಳಿ ನಮ್ಮ ಕಡೆಯ ಗಾಡಿಗಳಿಗೆ ಹೊಂದುವಷ್ಟು ಪೇಟೆಯ ಗಾಡಿಗಳಿಗೆ ಹೊಂದುವುದಿಲ್ಲ, ಕಂಪನಿಯ ಕೈಪಿಡಿಗಳು ಬರೆದಿರುವುದು ಬಹುಮಟ್ಟಿಗೆ ಪೇಟೆಯವರಿಗೆ.

ಎರಡನೆಯ ಉತ್ತರ ಮಳೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಪ್ಲಗ್ ಕ್ಯಾಪಿನ ರಬ್ಬರ್ ಸಡಿಲಾಗಿದ್ದರೆ, ಕೇಬಲಿನ ಮೈ ಬಿರುಕು ಬಿಟ್ಟಿದ್ದರೆ, ಕಿಡಿ ಪ್ಲಗ್ಗಿನ ಹೊರಗೇ ಹಾರುತ್ತದೆ. ಕತ್ತಲಲ್ಲಿ ಇಂಜಿನ್ ಸ್ಟಾರ್ಟ್ ಮಾಡಿ ಕೇಬಲಿಗೆ ನೀರು ಸಿಂಪಡಿಸಿದರೆ ನೀಲಿ ಗೆರೆ ಕಾಣುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಕತ್ತಲಿಗೂ ನೀರಿಗೂ ಬರವಿಲ್ಲ. ಪರಿಹಾರ ಬಹಳ ಸಲ ಕೇಬಲಿನ ತುದಿ ಸ್ವಲ್ಪ ಕತ್ತರಿಸಿ ಹೊಸ ಕ್ಯಾಪ್ ಹಾಕುವಷ್ಟೇ. ಹಳೇ ಬುಲೆಟ್ಟಾದರೆ ಪಾಯಿಂಟಿನ ಗ್ಯಾಪು 0.35ರಿಂದ 0.40 ಮಿಲಿಮೀಟರ್ ಇದೆಯೇ, ಅಡ್ವಾನ್ಸ್ ಯೂನಿಟ್ಟಿನ ಸ್ಪ್ರಿಂಗು ಸಡಿಲಾಗಿದೆಯೇ ನೋಡಬೇಕು. ಸ್ಪ್ರಿಂಗ್ ಸತ್ತರೆ ಟೈಮಿಂಗ್ ಸ್ಲೋದಲ್ಲೇ ಮುಂದೆ ಓಡುತ್ತದೆ, ಎಷ್ಟು ಕಾರ್ಬೊರೇಟರ್ ತೊಳೆದರೂ ಲಯ ಕೂರುವುದಿಲ್ಲ.

ಗಾಳಿ ಎಳೆತ ಮತ್ತು ಟ್ಯಾಪೆಟ್

ಮೂರನೆಯ ಪಂಥದ ಮಾತು ಕಡಿಮೆ, ಸರಿಯಾಗುವ ಪ್ರಮಾಣ ಹೆಚ್ಚು. ಥ್ರಾಟಲ್ ಮುಚ್ಚಿದಾಗ ಮ್ಯಾನಿಫೋಲ್ಡಿನೊಳಗಿನ ಎಳೆತ ಅತಿ ಹೆಚ್ಚು. ರಬ್ಬರಿನ ಒಂದು ಬಿರುಕು ಆಗ ಲೆಕ್ಕಕ್ಕಿಲ್ಲದ ಗಾಳಿಯನ್ನು ಒಳಗೆ ಎಳೆಯುತ್ತದೆ, ಥ್ರಾಟಲ್ ತೆರೆದರೆ ಅದೇ ಬಿರುಕಿಗೆ ಬೆಲೆಯಿಲ್ಲ. ರೇಸ್ ಕೊಟ್ಟು ಬಿಟ್ಟಾಗ ಸುತ್ತು ತಕ್ಷಣ ಇಳಿಯದೆ ಮೇಲೇ ನಿಂತು ನಿಧಾನವಾಗಿ ಇಳಿದರೆ ಅನುಮಾನ ಇಲ್ಲಿಗೆ ಹೋಗಬೇಕು. ರಬ್ಬರಿನ ಸುತ್ತ ನೀರು ಸಿಂಪಡಿಸಿ ಓಟ ಬದಲಾಗುತ್ತದೆಯೇ ನೋಡಿದರೆ ಸಾಕು, ಬಿಸಿ ಇಂಜಿನ್ನಿನ ಮೇಲೆ ಪೆಟ್ರೋಲ್ ಚಿಮುಕಿಸುವ ಧೈರ್ಯ ಯಾರೂ ಮಾಡಬಾರದು. ಎರಡು ಸ್ಟ್ರೋಕಿನಲ್ಲಿ ಕ್ರ್ಯಾಂಕಿನ ಸೀಲು ಹೋದರೂ ಇದೇ ಲಕ್ಷಣ. ಗೇರ್‌ಬಾಕ್ಸ್ ಕಡೆಯ ಸೀಲಾದರೆ ಬಿಳಿ ಹೊಗೆಯೂ ಸೇರುತ್ತದೆ.

ಟ್ಯಾಪೆಟ್ ಟೈಟಾದರೆ ವಾಲ್ವು ಪೂರ್ತಿ ಕೂರುವುದಿಲ್ಲ. ವೇಗದಲ್ಲಿ ಸೋರಲು ಸಮಯವಿಲ್ಲ, ಸ್ಲೋದಲ್ಲಿ ಬೇಕಾದಷ್ಟಿದೆ. ಬೆಳಿಗ್ಗೆ ಸರಿಯಾಗಿದ್ದು ಬಿಸಿಯಾದ ಮೇಲೆ ಆಫ್ ಆಗುವ ನಾಲ್ಕು ಸ್ಟ್ರೋಕಿನ ಗಾಡಿಯಲ್ಲಿ ನಾನು ಮೊದಲು ನೋಡುವುದು ಇದನ್ನೇ. ಶಬ್ದ ಮಾಡುವ ಟ್ಯಾಪೆಟ್ಟನ್ನು ಕಂಡು ಜನ ಹೆದರುತ್ತಾರೆ, ಕೆಡಿಸುವುದು ಸದ್ದಿಲ್ಲದ ಟ್ಯಾಪೆಟ್. ಹಾಗೆಯೇ ಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳ ಕಾರ್ಬೊರೇಟರಿನ ಗಾಳಿ ಪೈಪನ್ನು ಮುಚ್ಚುವುದು, ಇಲಿ ಏರ್ ಫಿಲ್ಟರಿನೊಳಗೆ ಸಂಸಾರ ಹೂಡುವುದು ಯಾವ ಕೈಪಿಡಿಯಲ್ಲೂ ಇಲ್ಲ. ತೋಟದ ಶೆಡ್ಡಿನಲ್ಲಿ ಇವೂ ಕಾರಣಗಳೇ.

ಸ್ಕ್ಯಾನರ್ ಬಂದ ಮೇಲೆ

ಇಂಜೆಕ್ಷನ್ ಗಾಡಿ ಎತ್ತರದ ಪ್ರಶ್ನೆಯನ್ನು ಬಹುಪಾಲು ಮುಗಿಸಿತು. ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಮುಳ್ಳಯ್ಯನಗಿರಿಯನ್ನೂ ಮಂಗಳೂರನ್ನೂ ಗುರುತಿಸುತ್ತದೆ, ಸೈಲೆನ್ಸರಿನಲ್ಲಿರುವ ಆಕ್ಸಿಜನ್ ಸೆನ್ಸರ್ ಮಿಶ್ರಣವನ್ನು ಒಂದು ಮಿತಿಯೊಳಗೆ ತಿದ್ದುತ್ತಿರುತ್ತದೆ. ಇಲ್ಲಿ ಸ್ಲೋ ಕೆಡುವುದು ಥ್ರಾಟಲ್ ಬಾಡಿಯ ಅಂಚಿನಲ್ಲಿ ಮಸಿ ಕಟ್ಟಿದಾಗ, ಬ್ಯಾಟರಿ ಸೊರಗಿದಾಗ, ಕನೆಕ್ಟರಿನಲ್ಲಿ ನೀರು ನಿಂತಾಗ. ಸ್ಕ್ಯಾನರನ್ನು ನಂಬುವವರ ದೌರ್ಬಲ್ಯ ಇಷ್ಟೇ: ಸೆನ್ಸರ್ ಮಿತಿ ಮೀರಿದರೆ ಮಾತ್ರ ಕೋಡ್ ಬರುತ್ತದೆ. ಟೈಟಾದ ಟ್ಯಾಪೆಟ್ಟಿಗೆ ಕೋಡ್ ಇಲ್ಲ, ಸಡಿಲ ಚೈನಿಗಂತೂ ಇಲ್ಲವೇ ಇಲ್ಲ. "ಏನೂ ತೋರಿಸ್ತಿಲ್ಲ ಸಾರ್" ಎಂದರೆ ಏನೂ ಕೆಟ್ಟಿಲ್ಲ ಎಂದಲ್ಲ.

ಗಾಡಿಯಲ್ಲಿ ಏನೂ ಇಲ್ಲ ಎನ್ನುವವರು

ಇವರೂ ಇದ್ದಾರೆ, ಅನೇಕ ಸಲ ಇವರೇ ಸರಿ. ಮೂರನೇ ಗೇರಿನಲ್ಲಿ ನಡಿಗೆಯ ವೇಗಕ್ಕೆ ಇಳಿದರೆ ಯಾವ ಇಂಜಿನ್ನೂ ಕುಕ್ಕುತ್ತದೆ. ಚೈನು ಒಂದು ಕಡೆ ಬಿಗಿ ಒಂದು ಕಡೆ ಸಡಿಲವಿದ್ದರೆ, ಹಿಂದಿನ ಹಬ್ಬಿನ ರಬ್ಬರು ಸವೆದಿದ್ದರೆ, ಅದರ ಜಗ್ಗಾಟ ಮಿಸ್ಸಿಂಗಿನಂತೆಯೇ ಅನ್ನಿಸುತ್ತದೆ. ಸ್ಟ್ಯಾಂಡ್ ಹಾಕಿ ನ್ಯೂಟ್ರಲ್‌ನಲ್ಲಿ ಚೆನ್ನಾಗಿ ನಿಲ್ಲುವ ಇಂಜಿನ್ ಗೇರಿನಲ್ಲಿ ಮಾತ್ರ ಎಳೆದಾಡಿದರೆ ಕಾರ್ಬೊರೇಟರ್ ಮುಟ್ಟಬೇಡಿ.

ಯಾವ ತಿಂಗಳಲ್ಲಿ ಯಾರ ಮಾತು

ಮಳೆ ಹಿಡಿದ ಮೇಲೆ ಕೆಟ್ಟರೆ ಮೊದಲು ಬೌಲಿನ ನೀರು, ಆಮೇಲೆ ಪ್ಲಗ್ ಕ್ಯಾಪು. ಅರೇಬಿಕಾ ಕೊಯ್ಲಿನಿಂದ ರೋಬಸ್ಟಾ ಕೊಯ್ಲು ಮುಗಿಯುವವರೆಗೆ, ನವೆಂಬರಿನಿಂದ ಮಾರ್ಚ್ ತನಕ, ಗಾಡಿ ದಿನವಿಡೀ ಭಾರ ಹೊತ್ತು ತೆವಳುವುದರಿಂದ ಮಸಿ ಪ್ಲಗ್ಗು ಮತ್ತು ಟ್ಯಾಪೆಟ್. ಹೂಮಳೆಗೆ ಮುಂಚಿನ ಧೂಳಿನಲ್ಲಿ ಏರ್ ಫಿಲ್ಟರ್. ಮಳೆ ಕಳೆದು ಶೆಡ್ಡಿನಿಂದ ಹೊರಬಂದ ಗಾಡಿಯಾದರೆ ಕಾರ್ಬೊರೇಟರಿನವರ ಮಾತನ್ನು ಕಣ್ಣುಮುಚ್ಚಿ ಕೇಳಬಹುದು. ಇದನ್ನು ಬಿಟ್ಟರೆ ಖರ್ಚಿಲ್ಲದ ಪರೀಕ್ಷೆ ಮೊದಲು, ಬಿಚ್ಚುವುದು ಕೊನೆಗೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಪ್ಲಗ್ಗು, ಜೆಟ್ಟು, ಟ್ಯಾಪೆಟ್ಟು ಮೂರನ್ನೂ ಒಂದೇ ಮಧ್ಯಾಹ್ನ ಮುಟ್ಟಿದವನಿಗೆ ಗಾಡಿ ಸರಿಯಾಗಬಹುದು, ಕಾರಣ ಮಾತ್ರ ಎಂದಿಗೂ ಗೊತ್ತಾಗುವುದಿಲ್ಲ. ಇನ್ನು ಸ್ಲೋ ಸ್ಕ್ರೂ ಏರಿಸಿ ಕೈತೊಳೆದುಕೊಳ್ಳುವುದು ರಿಪೇರಿಯೇ ಅಲ್ಲ. ಚಾರ್ಮಾಡಿಯ ತಿರುವುಗಳಲ್ಲಿ ಇಳಿಯುವಾಗ ಇಂಜಿನ್ನಿನ ಹಿಡಿತ ಅಷ್ಟು ಕಡಿಮೆಯಾಗಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ.

ತೀರ್ಮಾನವಾಗದೆ ಉಳಿದವು

ಇ-20ಕ್ಕೆ ಹಳೇ ಕಾರ್ಬೊರೇಟರಿನ ಸ್ಲೋ ಜೆಟ್ ದೊಡ್ಡದು ಮಾಡಬೇಕೇ? ಬಯಲುಸೀಮೆಯವರಿಗೆ ಹೌದು ಎನ್ನುವುದು ಸುಲಭ. ಎತ್ತರವೇ ಬಹುಮಟ್ಟಿಗೆ ತಿದ್ದಿಕೊಡುವ ಊರಿನಲ್ಲಿ ಉತ್ತರ ಅಷ್ಟು ಸರಳವಲ್ಲ, ವಾರಕ್ಕೊಮ್ಮೆ ಘಟ್ಟದ ಕೆಳಗಿನ ಉಜಿರೆಗೆ ಇಳಿಯುವ ಗಾಡಿಗಂತೂ ಯಾವ ಜೆಟ್ಟೂ ಎರಡೂ ಕಡೆ ಸರಿಹೋಗದು. ಪ್ಲಗ್ಗಿನ ಬಣ್ಣ ನೋಡಿ ಮಿಶ್ರಣ ಹೇಳುವ ಹಳೇ ವಿದ್ಯೆ ಸೀಸವಿದ್ದ ಪೆಟ್ರೋಲಿನ ಕಾಲದ್ದು. 2000ದಲ್ಲಿ ಸೀಸ ಹೋಯಿತು, ಈಗ ಎಥನಾಲ್ ಬಂದಿದೆ, ಕಂದು ಬಣ್ಣದ ಮಾತನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬುದರಲ್ಲಿ ಮೇಸ್ತ್ರಿಗಳಲ್ಲೇ ಒಮ್ಮತವಿಲ್ಲ.

ನನಗೆ ಎಲ್ಲಕ್ಕಿಂತ ಕುತೂಹಲದ್ದು ಮಂಜಿನ ಪ್ರಶ್ನೆ. ಪೆಟ್ರೋಲ್ ಆವಿಯಾಗುವಾಗ ಕಾರ್ಬೊರೇಟರಿನ ಬಿಸಿಯನ್ನು ಕದಿಯುತ್ತದೆ, ಎಥನಾಲ್ ಇನ್ನೂ ಹೆಚ್ಚು ಕದಿಯುತ್ತದೆ. ಗಾಳಿ ತೇವದಿಂದ ತುಂಬಿದ್ದರೆ, ಹೊರಗೆ 20 ಡಿಗ್ರಿಯ ಹತ್ತಿರವಿದ್ದರೂ, ಥ್ರಾಟಲಿನ ಅಂಚಿನಲ್ಲಿ ಮಂಜುಗಡ್ಡೆ ಕಟ್ಟಬಲ್ಲದು. ಸಣ್ಣ ವಿಮಾನಗಳ ಚಾಲಕರಿಗೆ ಇದು ಮೊದಲ ಪಾಠ, ಅದರಲ್ಲೂ ಥ್ರಾಟಲ್ ಮುಚ್ಚಿ ಇಳಿಯುವಾಗ. ಜುಲೈ ತಿಂಗಳ ಬೆಳಿಗ್ಗೆ ಕೊಟ್ಟಿಗೆಹಾರದ ಕಾವಳದಲ್ಲಿ ಥ್ರಾಟಲ್ ಮುಚ್ಚಿ ಘಟ್ಟ ಇಳಿಯುವ ಬೈಕಿನಲ್ಲೂ ಹೀಗಾಗುತ್ತದೆಯೇ? ಇಂಜಿನ್ ಹತ್ತಿರವೇ ಇರುವುದರಿಂದ ಬಿಸಿ ಸಾಕಾಗುತ್ತದೆ ಎನ್ನುವವರು ಒಂದು ಕಡೆ, ಮ್ಯಾನಿಫೋಲ್ಡಿನ ರಬ್ಬರು ಆ ಬಿಸಿಯನ್ನು ತಡೆಯುತ್ತದೆ ಎನ್ನುವವರು ಇನ್ನೊಂದು ಕಡೆ. ನಿಂತ ಗಾಡಿ ಐದು ನಿಮಿಷ ಬಿಟ್ಟು ಸ್ಟಾರ್ಟ್ ಆಗುವುದು ಮಂಜುಗಡ್ಡೆಗೂ ಹೊಂದುತ್ತದೆ, ಒದ್ದೆಯಾಗಿ ಒಣಗಿದ ಪ್ಲಗ್ ಕ್ಯಾಪಿಗೂ ಹೊಂದುತ್ತದೆ. ಮಂಜುಗಡ್ಡೆ ಕರಗಿದ ಮೇಲೆ ಸಾಕ್ಷಿ ಉಳಿಯುವುದಿಲ್ಲ. ಗಾಡಿ ನಿಂತ ಕೂಡಲೇ, ಕ್ಯಾಪು ಒರೆಸುವುದಕ್ಕೂ ಮೊದಲು, ಕಾರ್ಬೊರೇಟರಿನ ಮೈ ಮುಟ್ಟಿ ನೋಡಿ ತಣ್ಣಗಿತ್ತೋ ಬೆಚ್ಚಗಿತ್ತೋ ಬರೆದಿಡುವವರು ಒಂದು ಮಳೆಗಾಲ ಸಿಕ್ಕಿದರೆ ಈ ಪ್ರಶ್ನೆಯಲ್ಲಿ ಒಂದು ಪಕ್ಷವಾದರೂ ಸುಮ್ಮನಾಗುತ್ತದೆ.